ತಟ್ಟಿ ನೋಡಿದ್ದು

ಮಾಚೇನಹಳ್ಳಿಯ ಫೌಂಡ್ರಿ. ಕೊನೆಯ ಶೆಡ್ಡಿನ ಕೊನೆಯ ಮೇಜು.
ಎಡಗೈ ಹೆಬ್ಬೆರಳಿಗೆ ಪುಲ್ಲಿಯೊಂದನ್ನು ತೂಗುಹಾಕಿ
ಹಾಲೇಶಪ್ಪ ಸುತ್ತಿಗೆಯಿಂದ ಒಂದೇ ಏಟು ತಟ್ಟುತ್ತಾರೆ.
ಟಣ್. ಬಲಗಡೆ ಟ್ರಾಲಿಗೆ.
ಟಣ್. ಬಲಗಡೆ.
ಟಪ್. ಸುಣ್ಣದ ಕಡ್ಡಿಯಲ್ಲೊಂದು ಕತ್ತರಿ ಗುರುತು, ಎಡಗಡೆಗೆ,
ಮತ್ತೆ ಕುಲುಮೆಗೆ, ಮರುಜನ್ಮಕ್ಕೆ.
ದಿನಕ್ಕೆ ಒಂಬೈನೂರು. ಇಪ್ಪತ್ತಾರು ವರ್ಷ.
ಗುಣಿಸಲು ಹೋಗಿ ಬಿಟ್ಟುಬಿಟ್ಟೆ.

ನಾನು ಬಂದದ್ದು ಆ ಶಬ್ದ ಕದಿಯಲು.
ಅರ್ಜಿಯಲ್ಲಿ ಹಾಗೆ ಬರೆದಿರಲಿಲ್ಲ,
‘ದತ್ತಾಂಶ ಸಂಗ್ರಹ’ ಎಂದಿತ್ತು.
ನಾಲ್ಕು ಮೈಕು, ಒಂದು ಲ್ಯಾಪ್‌ಟಾಪು,
ಸದಾ ಹಸಿದಿರುವ ಎಂ.ಟೆಕ್. ಹುಡುಗ ಇಮ್ತಿಯಾಜ್;
ಯುಗಾದಿ ಮುಗಿದಾಗ ಕೂತವರು ಗಣಪತಿ ಬಿಡುವ ಹೊತ್ತಿಗೆ ಎದ್ದೆವು.
ಹನ್ನೊಂದು ಸಾವಿರ ಟಣ್,
ಆರುನೂರು ಟಪ್.
ಅಜ್ಜಿ ಸಂತೆಯಲ್ಲಿ ಮಡಕೆಗಳ ಬೆನ್ನು ತಟ್ಟುತ್ತಾ
ಕುಂಬಾರನ ಮುಖವನ್ನೇ ನೋಡುತ್ತಿದ್ದದ್ದು
ಯಾಕೋ ನೆನಪಾಗುತ್ತಿತ್ತು.

ತೋಳು ಬಂತು. ಹಳದಿ ಬಣ್ಣ, ಆರು ಕೀಲು.
ಲ್ಯಾಬಿನಲ್ಲಿ ರೆಕಾರ್ಡಿಂಗ್ ಕೇಳಿಸಿದಾಗ
ನೂರಕ್ಕೆ ತೊಂಬತ್ತೇಳು ಸರಿ ಹೇಳಿತ್ತು,
ಖುಷಿಗೆ ಮಂಡಕ್ಕಿ ತರಿಸಿದ್ದೆವು.
ಶೆಡ್ಡಿನಲ್ಲಿ ಪುಲ್ಲಿಯನ್ನು ಹಿಡಿಯಿತು, ತಟ್ಟಿತು:
ಟಪ್. ಟಪ್. ಟಪ್.
ಎಲ್ಲವೂ ಎಡಗಡೆಗೆ.
ಊಟದ ಗಂಟೆ ಹೊಡೆಯುವಾಗ
ಒಳ್ಳೆಯ ಮಾಲಿನದೇ ಒಂದು ಗುಡ್ಡ.

ಹಾಲೇಶಪ್ಪ ಬುತ್ತಿಯ ಮುಚ್ಚಳ ತೆಗೆಯುತ್ತಾ ಅಂದರು:
“ಕುತ್ತಿಗೆ ಹಿಚುಕಿ ಹಿಡ್ಕಂಡು
ಮಾತಾಡು ಅಂದ್ರೆ ಹೆಂಗೆ ಮಾತಾಡತ್ತಮ್ಮ ಅದು?”

ಬೀಳಿಸಬೇಡ, ಬೀಳಿಸಬೇಡ
ಎಂದು ಒಂದು ವರ್ಷ ಕಲಿಸಿದ್ದೆವು ಅದಕ್ಕೆ.
ಸಂಜೆ ಇಮ್ತಿಯಾಜ್ ಪಂಕ್ಚರ್ ಅಂಗಡಿಯಿಂದ
ಸೈಕಲ್ ಟ್ಯೂಬಿನ ತುಂಡು ತಂದ.
ಹಿಡಿಯುವ ಬೆರಳು ತೆಗೆದು ಕೊಕ್ಕೆ ಕೂರಿಸಿ,
ಟ್ಯೂಬು ಸುತ್ತಿ, ಪುಲ್ಲಿಯನ್ನು ಸುಮ್ಮನೆ ನೇತುಬಿಟ್ಟೆವು.
ಟಣ್ ಎಂದಿತು.
ಆದರೆ ಪಕ್ಕದ ಗ್ರೈಂಡರ್ ಶುರುವಾದದ್ದೇ
ನಾಲ್ಕು ಮೈಕೂ ಕಿವುಡಾದವು.

“ಈ ಗದ್ದಲದಲ್ಲಿ ನಿಮಗೆ ಹೇಗೆ ಕೇಳಿಸುತ್ತೆ?”
“ಹ್ಞಾಂ?”
ಇನ್ನೊಮ್ಮೆ ಕೂಗಿದೆ.
“ಎಲ್ಲಿ ಕೇಳತ್ತಮ್ಮ! ಎಡಗಿವಿ ಹೋಗಿ ಹತ್ತು ವರ್ಷಾತು,
ಬಲದ್ದು ಅರ್ಧ.”
ಮತ್ತೆ?
ಹೆಬ್ಬೆರಳು ಎತ್ತಿ ತೋರಿಸಿದರು.
ಜಡ್ಡುಗಟ್ಟಿದ, ಕೆಮ್ಮಣ್ಣಿನ ಬಣ್ಣದ ಹೆಬ್ಬೆರಳು.
“ಚಲೋದಿದ್ರೆ ಇಲ್ಲಿಂದ ಮೊಣಕೈ ತನಕ ಇರುವೆ ಹರಿದಂಗೆ.
ಒಡಕಿದ್ರೆ, ಇರುವೆ ಮಣಿಕಟ್ಟಲ್ಲೇ ನಿಲ್ತದೆ.”

ಇಮ್ತಿಯಾಜ್ ಲ್ಯಾಪ್‌ಟಾಪಿನ ಮುಚ್ಚಳ ನಿಧಾನ ಮುಚ್ಚಿದ.
ಹನ್ನೊಂದು ಸಾವಿರದ ಆರುನೂರು.

ಈಗ ಕೊಕ್ಕೆಯ ಬುಡದಲ್ಲಿ
ಕಡಲೆಕಾಳಿನಷ್ಟು ಪುಟ್ಟ ಸೆನ್ಸರ್, ಇರುವೆ ಎಣಿಸುವುದಕ್ಕೆ.
ನೂರು ಪುಲ್ಲಿಗಳಲ್ಲಿ ಎರಡಕ್ಕೆ ಮಾತ್ರ
ತೋಳಿಗೂ ಹಾಲೇಶಪ್ಪನವರಿಗೂ ಒಮ್ಮತವಿರಲಿಲ್ಲ.
ಎರಡನ್ನೂ ಒಡೆದು ನೋಡಿದೆವು.
ಒಂದರಲ್ಲಿ ಅವರು ಸರಿ.
ಇನ್ನೊಂದರ ಒಳಗೆ, ಬೂದು ಹರಳಿನ ನಡುವೆ,
ಕೂದಲೆಳೆಯಂಥ ಕಪ್ಪು ಗೆರೆ.
ಆ ಚೂರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನಿಂತರು.
“ಇದು ನಂಗೆ ಸಿಗಲಿಲ್ಲ ನೋಡು.”

ಮುಂದಿನ ತಿಂಗಳಿಂದ ಅವರಿಗೆ ಪ್ಯಾಕಿಂಗಿನಲ್ಲಿ ಕೆಲಸ.
ಕೂತು ಮಾಡುವಂಥದ್ದು, ಸಂಬಳ ಅಷ್ಟೇ, ಅಂದಿದ್ದಾರೆ ಮ್ಯಾನೇಜರ್.
ಹಾಲೇಶಪ್ಪ ಕೇಳಿದ್ದು ಒಂದೇ ಮಾತು:
“ತಪ್ಪಾದ್ರೆ ಇದಕ್ಕೆ ಬೈಯೋರು ಯಾರು?”
ವರದಿಯ ನಮೂನೆಯಲ್ಲಿ
ಅದಕ್ಕೊಂದು ಕಾಲಂ ಹುಡುಕಿದೆ. ಇರಲಿಲ್ಲ.

ಸೈರನ್ ಆಯಿತು. ಶಿಫ್ಟಿನವರು ಕೈ ತೊಳೆಯಲು ಹೊರಟರು.
ಅವರು ಹಳದಿ ತೋಳಿನ ಪಕ್ಕ ನಿಂತು
ಎಡಗೈ ಹೆಬ್ಬೆರಳನ್ನು ಅದರ ಮೈಮೇಲಿಟ್ಟು
ಬಲಗೈ ಗೆಣ್ಣಿನಿಂದ ಒಮ್ಮೆ ತಟ್ಟಿದರು.
ಇನ್ನೊಮ್ಮೆ, ಸ್ವಲ್ಪ ಕೆಳಗೆ.
“ಮೂರನೇ ಕೀಲು,” ಅಂದರು.
“ನಾಳೆ ಬಿಚ್ಚಿ ನೋಡು.”